ಸನ್ಯಾಸಕ್ಕೆ ಹೊರಟ ಸೋಡಿಯಂ

ಹೊರಕವಚದಲ್ಲಿ ಒಂಟಿಯಾಗಿ ಅಲೆಯುವ ಹನ್ನೊಂದನೆಯ ಎಲೆಕ್ಟ್ರಾನಿನಿಂದಾಗಿ ಸೋಡಿಯಂಗೆ ನೆಮ್ಮದಿಯೇ ಇರಲಿಲ್ಲ. ನೆರೆಯ ನಿಯಾನ್‌ಗೆ ಇದ್ದದ್ದು ಹತ್ತೇ ಎಲೆಕ್ಟ್ರಾನು. ಅದು ಯಾರ ಸಹವಾಸವೂ ಬೇಡವೆಂದು ಮಠದ ಸ್ವಾಮಿಗಳಂತೆ ಕೂತಿತ್ತು. ಒಂದನ್ನು ತ್ಯಾಗ ಮಾಡಿದರೆ ತಾನೂ ಸನ್ಯಾಸಿಯೇ ಎಂದುಕೊಂಡ ಸೋಡಿಯಂ, ಒಂದು ಎಲೆಕ್ಟ್ರಾನು ಕಡಿಮೆಯಿದೆಯೆಂದು ಸದಾ ಗೊಣಗುತ್ತಿದ್ದ ಕ್ಲೋರಿನ್‌ನ ಮಡಿಲಿಗೆ ಅದನ್ನು ಹಾಕಿ, ನಿಯಾನ್‌ನ ಮಠಕ್ಕೆ ಬಂದು ಅಡ್ಡಬಿದ್ದಿತು.

"ಸ್ವಾಮೀ, ಈಗ ನನ್ನಲ್ಲೂ ಹತ್ತೇ ಎಲೆಕ್ಟ್ರಾನು. ದೀಕ್ಷೆ ಕೊಡಬೇಕು."

"ವೇಷವೇನೋ ಸರಿಯಾಗಿದೆ," ಎಂದಿತು ನಿಯಾನ್. "ಒಳಗೆ ಪ್ರೋಟಾನು ಎಷ್ಟು?"

"ಹನ್ನೊಂದು," ಎಂದು ಸೋಡಿಯಂ ತಲೆ ತಗ್ಗಿಸಿತು.

"ನನಗೆ ಒಳಗೂ ಹತ್ತು, ಹೊರಗೂ ಹತ್ತು. ನಿನ್ನೊಳಗೆ ಒಂದು ಪ್ರೋಟಾನು ಜೋಡಿಯಿಲ್ಲದೆ ಉಳಿದಿದೆ. ಹಾಗಾಗಿ ನೀನೀಗ ಧನ ಅಯಾನು. ಋಣದವರು ಎದುರಾದರೆ ಸುಮ್ಮನೆ ಕೂರಬಲ್ಲೆಯಾ?"

"ನನಗೆ ಯಾವ ಸೆಳೆತವೂ ಇಲ್ಲ ಸ್ವಾಮೀ, ನಾನು—"

ಅಷ್ಟರಲ್ಲಿ ಬೀದಿಯಲ್ಲಿ ಕ್ಲೋರಿನ್ ಹಾದುಹೋಯಿತು. ಸಿಕ್ಕ ಎಲೆಕ್ಟ್ರಾನಿನಿಂದ ಅದೀಗ ಋಣ ಅಯಾನಾಗಿತ್ತು. ಸೋಡಿಯಂ ಮಾತು ಮುಗಿಸದೆ ಹೊಸ್ತಿಲು ದಾಟಿ ಅದಕ್ಕೆ ಅಂಟಿಕೊಂಡಿತು.

"ಕೊಟ್ಟದ್ದು ಚೆನ್ನಾಗಿದೆಯೇ ಎಂದು ನೋಡಲು ಬಂದೆ, ಅಷ್ಟೇ," ಎಂದಿತು.

"ನೋಡಿದ್ದಾಯಿತಲ್ಲ, ಬಿಡು," ಎಂದ ಕ್ಲೋರಿನ್ ತಾನೂ ಹಿಡಿತ ಸಡಿಲಿಸಲಿಲ್ಲ.

ಈಗ ಅವು ಊಟದೆಲೆಯ ತುದಿಗೆ ಬಡಿಸುವ ಉಪ್ಪಿನ ಹರಳು. ಅದರೊಳಗೆ ಸುತ್ತ ಆರು ಕ್ಲೋರಿನ್‌ಗಳನ್ನು ಕೂರಿಸಿಕೊಂಡು ಸೋಡಿಯಂ ದಿನವೂ ಪ್ರವಚನ ಮಾಡುತ್ತದೆ:

"ನಾನು ಎಲ್ಲವನ್ನೂ ಬಿಟ್ಟವನು."