ದೋಣಿಯ ಪಾಲು

"ಮಾಸ್ಟ್ರೇ, ಈ ಸವಕಳಿಯ ಹತ್ತು ಸಾವಿರ ಯಾರ ಕೈಗೆ ಹೋಯಿತು?"

ಕೇಳಿದವಳು ಜಲಜಾಕ್ಷಿ. ಹೋದ ವರ್ಷ ಲಕ್ಷ ರೂಪಾಯಿ ಕೊಟ್ಟು ಹಿಟ್ಟಿನ ಗಿರಣಿ ಹಾಕಿದ್ದಳು. ಮಂಜಯ್ಯ ಮಾಸ್ಟ್ರ ಬಳಿ ಲೆಕ್ಕ ಬರೆಯಲು ಕಲಿಯುತ್ತಿದ್ದಳು. ಖರ್ಚೆಲ್ಲ ಕಳೆದು ಮೂವತ್ತು ಸಾವಿರ ಉಳಿದಿತ್ತು. ಅಕ್ಕಸಾಲಿಗನ ಅಂಗಡಿಯಲ್ಲಿ ನೋಡಿಟ್ಟಿದ್ದ ಬೆಂಡೋಲೆಗೂ ಸರಿಯಾಗಿ ಮೂವತ್ತು ಸಾವಿರ. ಆದರೆ ಮಾಸ್ಟ್ರು, ಗಿರಣಿಯ ಕಲ್ಲು ದಿನದಿನವೂ ಸವೆಯುತ್ತದೆ, ಗಿರಣಿಯ ಆಯಸ್ಸು ಹತ್ತೇ ವರ್ಷ ಎಂದು ಹೇಳಿ, ಅದರ ಬೆಲೆಯ ಹತ್ತರಲ್ಲೊಂದು ಪಾಲನ್ನು ಈ ವರ್ಷದ ಖರ್ಚಿಗೆ ಸೇರಿಸಿಬಿಟ್ಟಿದ್ದರು. ಲಾಭ ಇಪ್ಪತ್ತಕ್ಕೆ ಇಳಿದಿತ್ತು.

"ಕರೆಂಟಿಗೆ ಕೊಟ್ಟೆ, ರಸೀದಿ ಇದೆ. ಬೆಲ್ಟಿಗೆ ಕೊಟ್ಟೆ, ರಸೀದಿ ಇದೆ. ಈ ಹತ್ತು ಸಾವಿರವನ್ನು ನಾನು ಯಾರಿಗೂ ಕೊಟ್ಟಿಲ್ಲ, ಪೆಟ್ಟಿಗೆಯಲ್ಲೇ ಇದೆ. ಇದ್ದ ಹಣವನ್ನು ಹೋಯಿತು ಎಂದು ಬರೆಯುವುದು ಯಾವ ನ್ಯಾಯ?"

ಮಾಸ್ಟ್ರು ಕನ್ನಡಕ ತೆಗೆದಿಟ್ಟರು. ಕನ್ನಡಕ ಇಳಿಯಿತೆಂದರೆ ಕತೆ ಬಂತೆಂದೇ ಅರ್ಥ.

"ಈ ಪ್ರಶ್ನೆಗೆ ಉತ್ತರ ಬಲ್ಲವನು ಸಮುದ್ರದ ಈಚೆ ದಡದಲ್ಲಿ ನಾನೊಬ್ಬನೇ. ಆಚೆ ದಡದಲ್ಲೂ ಯಾರೂ ಇರಲಿಕ್ಕಿಲ್ಲ. ಕೇಳು."

ಒಂದೂರಿನಲ್ಲಿ ಒಬ್ಬ ಮೀನುಗಾರ. ಅವನ ದೋಣಿಯಲ್ಲಿ ನಾಲ್ವರು: ಅವನು, ಅವನ ಇಬ್ಬರು ತಮ್ಮಂದಿರು, ಮಗಳನ್ನು ಮದುವೆಯಾಗಿ ಬಂದ ಅಳಿಯ. ಅವರು ಹಿಡಿಯುತ್ತಿದ್ದ ಮೀನೆಂದರೆ, ತಲೆ ದೋಣಿಗೆ ಬಂದ ಮೇಲೆ ಬಾಲ ಬರುವಷ್ಟರಲ್ಲಿ ನಾಲ್ವರೂ ಒಂದೊಂದು ನಿದ್ದೆ ಮುಗಿಸುತ್ತಿದ್ದರು. ಸುಳ್ಳೆಂದರೆ ಆ ಮೀನನ್ನೇ ಕೇಳಬಹುದು. ಅದಿರಲಿ. ದಡಕ್ಕೆ ಬಂದು ಮೀನನ್ನು ಐದು ಪಾಲು ಮಾಡುತ್ತಿದ್ದರು. ಐದನೆಯದು ದೋಣಿಯ ಪಾಲು. ಅದನ್ನು ಮಾರಿದ ಹಣವನ್ನು ಮೀನುಗಾರನ ಹೆಂಡತಿ ಭರಣಿಗೆ ಹಾಕುತ್ತಿದ್ದಳು. ವರ್ಷಕ್ಕೊಮ್ಮೆ ಭರಣಿ ಬಗ್ಗಿಸಿ, ಮುಂದಿನ ದೋಣಿಗೆಂದು ಒಂದು ಹಲಗೆ ಕೊಂಡು ಅಟ್ಟಕ್ಕೆ ಏರಿಸುತ್ತಿದ್ದರು. ಹೀಗೆ ಒಂಬತ್ತು ವರ್ಷಕ್ಕೆ ಒಂಬತ್ತು ಹಲಗೆ.

ಹತ್ತನೆಯ ವರ್ಷ ಅಳಿಯ ಕೇಳಿದ, "ಮಾವ, ದೋಣಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಅದಕ್ಕೆ ಪಾಲು ಯಾಕೆ?"

"ಬಾಯಿ ಇದೆ ಮಾರಾಯ. ಜನ್ಮಕ್ಕೆ ಒಂದೇ ಸಲ ತೆರೆಯುತ್ತದೆ. ತೆರೆದಾಗ ನಾವೆಲ್ಲ ಅದರೊಳಗೇ ಕೂತಿರುತ್ತೇವೆ."

ಅಳಿಯ ನಕ್ಕುಬಿಟ್ಟ. ಅವನಿಗೆ ಹೆಂಡತಿಗೊಂದು ಸೊಂಟಪಟ್ಟಿ ಮಾಡಿಸುವ ಆಸೆ. ಮಗಳಿಗೆ ಬರುವುದನ್ನು ಬೇಡವೆನ್ನಲು ಮಾವನಿಗೆ ನಾಲಗೆ ಏಳಲಿಲ್ಲ. ಆ ವರ್ಷ ದೋಣಿಯ ಪಾಲು ಅಳಿಯನ ಕೈಗೆ ಹೋಯಿತು. ಸೊಂಟಪಟ್ಟಿ ಬಂತು.

ವರ್ಷ ಮುಗಿಯುವ ಹೊತ್ತಿಗೆ ಹಳೆಯ ದೋಣಿ ಬಾಯಿ ಬಿಟ್ಟಿತು. ನಾಲ್ವರೂ ಈಜಿ ದಡ ಸೇರಿದರು. ಬಡಗಿ ಬಂದು ಅಟ್ಟದ ಹಲಗೆಗಳನ್ನು ಇಳಿಸಿದ. ಹತ್ತು ಬೇಕಿತ್ತು, ಒಂಬತ್ತಿದ್ದವು. ಇದ್ದುದರಲ್ಲೇ ಕಟ್ಟಿದ. ಹೊಸ ದೋಣಿ ಗಿಡ್ಡವಾಯಿತು, ಮೂವರಿಗಷ್ಟೇ ಜಾಗ.

ನೀರಿಗಿಳಿಸುವ ದಿನ ಅಳಿಯ ತಲೆ ತಗ್ಗಿಸಿ ಮರಳ ಮೇಲೇ ನಿಂತ. ಯಾರೂ ಬೈಯಲಿಲ್ಲ. ಮಾವ ಹುಟ್ಟನ್ನು ತಂದು ಅವನ ಕೈಗಿತ್ತ.

"ಹೋಗು ಮಾರಾಯ. ನನಗೆ ಈ ಸಮುದ್ರ ನೋಡಿ ನೋಡಿ ಸಾಕಾಗಿದೆ."

ಹಾಗೆಂದವನು ಅವರು ಮರಳಿ ಬರುವವರೆಗೂ ಸಮುದ್ರದಿಂದ ಕಣ್ಣು ತೆಗೆಯಲಿಲ್ಲ.

ಅಂದು ಪಾಲು ಮಾಡಿದವನು ಅಳಿಯ. ದೋಣಿಯಲ್ಲಿ ಹೋದವರು ಮೂವರು, ಅವನು ಮಾಡಿದ್ದು ಐದು ಪಾಲು. ಮೊದಲನೆಯದನ್ನು ದೋಣಿಯ ಮುಂದಿಟ್ಟ. ಎರಡನೆಯದನ್ನು ಮರಳ ಮೇಲೆ ಕೂತವನ ಮುಂದಿಟ್ಟ.

ಮಾಸ್ಟ್ರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಜಲಜಾಕ್ಷಿಯ ಕೈ ತನಗರಿವಿಲ್ಲದೆ ಬರಿಗಿವಿಯ ಮೇಲೆ ಹೋಯಿತು.

"ಅಲ್ಲ ಮಾಸ್ಟ್ರೇ, ಆ ಸೊಂಟಪಟ್ಟಿ ಚೆಂದ ಇತ್ತಾ?"

"ಬಹಳ ಚೆಂದ ಮಗಾ, ಥೇಟ್ ನಿನ್ನ ಬೆಂಡೋಲೆಯ ಹಾಗೇ: ಎಡಗಿವಿಗೆ ಚಿನ್ನ, ಬಲಗಿವಿಗೆ ಗಿರಣಿಯ ಕಲ್ಲು."