ತಿರುಗಿ ಓಡಿದ ಕುರಿ

"ಆರಾಧನೆಯ ನಡುವೆ ಎದ್ದು ಹೋಗುವವರನ್ನು ತಡೆಯುವುದು ಪಾಲಕನ ಕೆಲಸವಲ್ಲವೇ, ಅಯ್ಯನವರೇ?" ಎಂದು ದೇವಸಹಾಯ ತನ್ನ ಗುರುಗಳನ್ನು ಕೇಳಿದ.

ಚರ್ಚಿನ ಸಭೆಯ ಹೊಣೆ ಅವನ ಹೆಗಲಿಗೆ ಬಂದು ವರ್ಷ ತುಂಬಿರಲಿಲ್ಲ. ಎಸ್ತೇರಮ್ಮನೆಂಬ ವಿಧವೆ ಪ್ರತಿ ಭಾನುವಾರ ಪ್ರಸಂಗ ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದಳು. ಕಳೆದ ವಾರ ಅವನು ಎಲ್ಲರೆದುರು ಅವಳ ಹೆಸರು ಹಿಡಿದು ಕರೆದು ಕೂರಿಸಿದ್ದ. ಅವಳು ತಲೆ ತಗ್ಗಿಸಿ ಕೂತಿದ್ದಳು. ಅಂದಿನಿಂದ ಅವನಿಗೆ ಸಮಾಧಾನವಿರಲಿಲ್ಲ. ಸರಿ ಎಂದು ಗುರುಗಳ ಬಾಯಿಂದ ಕೇಳಿದರೆ ಸಾಕಿತ್ತು.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಬಲು ಶಿಸ್ತಿನವನು. ಅವನ ಒಂದು ಕುರಿ ಬಯಲಲ್ಲಿ ಉಳಿಯಿತೆಂದು ಯಾರೂ ಆಡುವಂತಿರಲಿಲ್ಲ. ಒಂದು ಸಂಜೆ ಮಂದೆ ಮನೆಯತ್ತ ತಿರುಗಿತು. ಒಂದು ಕುರಿ ಮಾತ್ರ ಗುಡ್ಡದ ಕಡೆಗೆ ವಾಪಸು ಓಡಿತು. ಅಟ್ಟಿಸಿಕೊಂಡು ಬಂದ. ಮತ್ತೆ ಓಡಿತು. ತೋಳಗಳಿದ್ದ ಸೀಮೆ ಅದು. ಅವನು ಕೋಲಿನಿಂದ ಬಾರಿಸಿದ, ಕಿವಿ ಹಿಡಿದು ಎಳೆದು ತಂದು ರೊಪ್ಪಕ್ಕೆ ನೂಕಿ ಬಾಗಿಲು ಬಿಗಿದ. ಕುರಿ ಬಾಗಿಲಿಗೆ ಹಾಯುತ್ತಲೇ ಇತ್ತು, ಅರಚುತ್ತಲೇ ಇತ್ತು. ಅವನು ಕೆಲಸ ಪೂರೈಸಿದವನಂತೆ ಕಂಬಳಿ ಹೊದ್ದು ಮಲಗಿದ.

ಬೆಳಗ್ಗೆ ಬಾಗಿಲು ತೆಗೆದಾಗ ಅದರ ಕೆಚ್ಚಲು ಕಂಡಿತು. ಬಿಗಿದು ಹಾಲು ತೊಟ್ಟಿಕ್ಕುತ್ತಿತ್ತು. ಅದು ಗಬ್ಬವೆಂದು ಅವನಿಗೆ ಗೊತ್ತಿತ್ತು. ಇನ್ನೂ ದಿನವಿದೆ ಎಂದುಕೊಂಡಿದ್ದ. ಹಿಂದಿನ ದಿನವೆಲ್ಲ ಮಂದೆಯ ಮುಂದೆ ನಡೆದವನು ಹಿಂದೆ ಏನಾಯಿತೆಂದು ನೋಡಿರಲಿಲ್ಲ.

ಕುರಿ ಓಡಿತು. ಅವನೂ ಅದರ ಹಿಂದೆ ಓಡಿದ. ಗುಡ್ಡದ ಪೊದೆಯೊಂದರ ಕೆಳಗೆ ಮರಿ ಸೆಟೆದು ಬಿದ್ದಿತ್ತು. ತೋಳ ಮುಟ್ಟಿರಲಿಲ್ಲ. ಚಳಿಗೆ, ಹಸಿವಿಗೆ ಸತ್ತಿತ್ತು. ತಾಯಿ ಅದನ್ನು ನೆಕ್ಕುತ್ತಾ ನಿಂತಿತು.

ಆಮೇಲೆ ಆ ಕುರಿ ಒಮ್ಮೆಯೂ ಮಂದೆ ಬಿಟ್ಟು ಕದಲಲಿಲ್ಲ.

ನೆರೆಯ ಕುರಿಗಾಹಿ ಅದನ್ನು ನೋಡಿ, "ಭಲೇ ಮಾರಾಯ! ಆ ಹಟಮಾರಿಯನ್ನೂ ದಾರಿಗೆ ತಂದೆಯಲ್ಲ, ಏನು ಮದ್ದು ಹಾಕಿದೆ?" ಎಂದು ಬೆನ್ನು ತಟ್ಟಿದ.

"ಬೆನ್ನಿನಿಂದ ಕೈ ತೆಗಿ," ಎಂದ ಇವನು.

ಕತೆ ಮುಗಿಯಿತು. ದೇವಸಹಾಯ ಮೆಲ್ಲಗೆ, "ಈ ಭಾನುವಾರ ಎಸ್ತೇರಮ್ಮ ಕೊನೆಯವರೆಗೂ ಕೂತಿದ್ದಳು, ಅಯ್ಯನವರೇ," ಎಂದ.

ಗುರುಗಳು ಕೇಳಿದರು: "ಅದಕ್ಕೆ ಮೊದಲು ಅವಳು ಎದ್ದು ಯಾರ ಬಳಿಗೆ ಹೋಗುತ್ತಿದ್ದಳು?"