ಮದುಮಗಳ ಗಡ್ಡ

“ಗುರುಗಳೇ, ಒಬ್ಬರಲ್ಲಿ ಎಷ್ಟು ಸಲ ಕ್ಷಮೆ ಕೇಳಬೇಕು?” ಎಂದು ಶಿಷ್ಯ ಅಡಿವೆಯ್ಯ ಕೇಳಿದ.

ಅವನು ಊಟದ ಪಂಕ್ತಿಯಲ್ಲಿ, ಮಠದ ಅಡುಗೆಯ ಚನಮಲ್ಲಪ್ಪನವರ ಸಾರನ್ನು ಕಲಗಚ್ಚು ಎಂದಿದ್ದ. ಮರುದಿನದಿಂದ ಪ್ರತಿದಿನವೂ ಅದೇ ಪಂಕ್ತಿಯಲ್ಲಿ ಎದ್ದು ನಿಂತು ಕ್ಷಮೆ ಕೇಳುತ್ತಿದ್ದ. ಕೇಳಿದಾಗಲೆಲ್ಲ ಉಳಿದವರಿಗೆ ಆ ಮಾತು ನೆನಪಾಗಿ ನಗು ಬರುತ್ತಿತ್ತು. ಚನಮಲ್ಲಪ್ಪನವರ ಮುಖ ಇನ್ನಷ್ಟು ಬಿಗಿಯುತ್ತಿತ್ತು.

ಗುರುಗಳು ಹೇಳಿದರು:

ಹಿಂದೆ ಡಚ್ಚರ ನಾಡಿನಲ್ಲಿ ಒಬ್ಬ ಕೆತ್ತನೆಗಾರನಿದ್ದ. ತಾಮ್ರದ ತಗಡಿನ ಮೇಲೆ ಉಕ್ಕಿನ ಮೊನೆಯಿಂದ ಚಿತ್ರ ಕೆತ್ತುವುದು ಅವನ ಕಸುಬು. ಕೆತ್ತಿದ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಕಾಗದವನ್ನು ಒತ್ತಿದರೆ ಚಿತ್ರ ಮೂಡುತ್ತದೆ. ಅಂದರೆ, ತಗಡಿನಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಮಸಿ ನಿಲ್ಲುತ್ತದೆ. ಇದನ್ನು ನೆನಪಿಟ್ಟುಕೋ.

ಒಬ್ಬ ವ್ಯಾಪಾರಿ ತನ್ನ ಮಗಳ ಮದುವೆಯಲ್ಲಿ ಹಂಚಲು ಅವಳ ಚಿತ್ರ ಬೇಕೆಂದ. ಕೆತ್ತನೆಗಾರನಿಗೆ ಅದು ಮೊದಲ ದೊಡ್ಡ ಕೆಲಸ. ನಾಲ್ಕು ತಿಂಗಳು ಬಗ್ಗಿ ಕೂತು ಕೂದಲೆಳೆಯಂಥ ಗೆರೆಗಳನ್ನು ಕೆತ್ತಿದ. ಮದುವೆಗೆ ಎರಡು ದಿನವಿದ್ದಾಗ ಮೊನೆ ಜಾರಿ ಗದ್ದದ ಮೇಲೆ ಗೀರು ಬಿತ್ತು.

ಗೀರು ಅಳಿಯಲೆಂದು ಅವನು ಆ ಜಾಗವನ್ನು ಕೆರೆದ. ಅಚ್ಚು ತೆಗೆದು ನೋಡಿದರೆ ಅಲ್ಲಿ ಕಪ್ಪು ಕಲೆ. ಇನ್ನಷ್ಟು ಕೆರೆದ. ಕಲೆ ಇನ್ನಷ್ಟು ಹರಡಿತು. ಕೆರೆದಷ್ಟೂ ತಗ್ಗು, ತಗ್ಗಿದಷ್ಟೂ ಮಸಿ.

ಅಚ್ಚು ಒತ್ತುತ್ತಿದ್ದ ಹೆಂಡತಿ ಕಾಗದವನ್ನು ಎತ್ತಿ ಹಿಡಿದು ನಕ್ಕಳು. “ಗದ್ದ ಕೆತ್ತಿ ಎಂದರೆ ಗಡ್ಡ ಕೆತ್ತಿದ್ದೀರಲ್ಲ! ಇನ್ನೊಂದು ಸಲ ಕೆರೆದರೆ ಇವಳ ಗಡ್ಡ ಮಾವನ ಗಡ್ಡವನ್ನೂ ಮೀರುತ್ತದೆ.”

“ನಗಬೇಡವೇ! ನನ್ನ ಹೆಸರು ಮಣ್ಣುಪಾಲಾಯಿತು. ಇನ್ನು ಈ ಊರಿನಲ್ಲಿ ನನಗೆ ಯಾರು ಕೆಲಸ ಕೊಡುತ್ತಾರೆ?”

ಅವಳು ತಾಮ್ರ ಬಡಿಯುವವರ ಮನೆಯ ಮಗಳು. ತಗಡನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು. ಗದ್ದ ಎಲ್ಲಿ ಬರುತ್ತದೆಂದು ಬೆನ್ನಿನ ಮೇಲೆ ಅಳೆದು ಗುರುತಿಟ್ಟಳು. ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಗಂಡ ಕಣ್ಣು ಮುಚ್ಚಿಕೊಂಡ. ತಿರುಗಿಸಿದರೆ ತಗ್ಗು ಮೇಲೆದ್ದು ಸಮವಾಗಿತ್ತು. ಅವನು ಅದನ್ನು ತಿಕ್ಕಿ ನುಣುಪು ಮಾಡಿ, ಅಲ್ಲಿನ ಗೆರೆಗಳನ್ನು ಹೊಸದಾಗಿ ಕೆತ್ತಿದ. ಅಚ್ಚಿನಲ್ಲಿ ಗದ್ದ ಬೆಣ್ಣೆಯ ಹಾಗಿತ್ತು.

ಮದುವೆಯ ದಿನ ವಿಷಯ ತಿಳಿದ ಮದುಮಗಳು ಗಡ್ಡದ ಅಚ್ಚನ್ನೂ ಕೇಳಿ ಪಡೆದಳು. ಗಂಡನಿಗೆ ಮೊದಲು ತೋರಿಸಿದ್ದು ಅದನ್ನೇ.

ಅಡಿವೆಯ್ಯ ಹೊಟ್ಟೆ ಹಿಡಿದು ನಕ್ಕ. “ಕೆರೆದು ಕೆರೆದು ಗುಂಡಿ ತೋಡುತ್ತಿದ್ದೇನೆಂದು ಆ ಪುಣ್ಯಾತ್ಮನಿಗೆ ತಿಳಿಯಲೇ ಇಲ್ಲವೇ, ಗುರುಗಳೇ?”

ಗುರುಗಳೂ ನಕ್ಕರು. “ನಾಳೆ ಪಂಕ್ತಿಯಲ್ಲಿ ಎದ್ದು ನಿಲ್ಲಬೇಡ, ಅಡಿವೆಯ್ಯ, ಅಡುಗೆಮನೆಗೆ ಹಿಂಬಾಗಿಲೂ ಒಂದಿದೆ.”